ಕಾಣಿಕೆ ಚೀಲ ಒಬ್ಬನ ಹೆಗಲಿಗೆ ಬೇಡ, ತಮ್ಮಾ

ತಮ್ಮಾ, ಹೋದ ಶನಿವಾರ ಗಂಗಾವತಿಯ ಉಜ್ಜೀವನ ಕೂಟ ಮುಗಿದಾಗ ಬೆಳಗಿನ ಜಾವ ನಾಲ್ಕಾಗಿತ್ತು. ಚಹಾದ ಲೋಟ ಹಿಡಿದ ನಿನ್ನ ಕೈ ನಡುಗುತ್ತಿದ್ದುದನ್ನು ನಾನು ನೋಡಿದೆ. ನೀನು ಎರಡು ಗುಟುಕು ಕುಡಿದಿದ್ದೆ, ಅಷ್ಟರಲ್ಲಿ ಫೋನು ಬಂತು. ಕುಷ್ಟಗಿಯಲ್ಲಿ ಯಾರಿಗೋ ಹುಷಾರಿಲ್ಲ, ಪ್ರಾರ್ಥನೆಗೆ ಬರಬೇಕಂತೆ. ಕಾಣಿಕೆಯ ಚೀಲವನ್ನು ಎಣಿಸದೆಯೇ ಗಾಡಿಯ ಡಿಕ್ಕಿಗೆ ತುರುಕಿ ಹೊರಟೇಬಿಟ್ಟೆ. ಅಲ್ಲಿಂದ ಯಲಬುರ್ಗಾದಲ್ಲಿ ಆರಾಧನೆ, ಸಂಜೆಗೆ ಕೊಪ್ಪಳದಲ್ಲಿ ಇನ್ನೊಂದು ಕೂಟ.

ಆ ನಡುಗುವ ಕೈ ಮತ್ತು ಎಣಿಸದ ಚೀಲ ಅಂದಿನಿಂದ ನನ್ನ ಕಣ್ಣ ಮುಂದೆ ಒಟ್ಟಿಗೇ ಬರುತ್ತಿವೆ. ಲೆಕ್ಕ ಕೇಳುವವರಿಲ್ಲದ ಮನುಷ್ಯನಿಗೆ ಊಟ ಆಯಿತೇ, ನಿದ್ದೆ ಮಾಡಿದೆಯಾ ಎಂದು ಕೇಳುವವರೂ ಇರುವುದಿಲ್ಲ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ.

ನನಗೆ ಮೂವತ್ತೈದು ವಯಸ್ಸಿದ್ದಾಗ ಸುಗ್ಗಿ ಕಾಣಿಕೆಯ ಹಣವನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ಯಾರಿಗೋ ಬಸ್ಸಿನ ಖರ್ಚು, ಯಾರಿಗೋ ಔಷಧಿ, ಮೈಕಿನವನಿಗೆ ಮುಂಗಡ. ಒಂದು ಪೈಸೆಯನ್ನೂ ನನಗಾಗಿ ಮುಟ್ಟಲಿಲ್ಲ. ಆದರೆ ಸಭೆಯ ಹಿರಿಯರೊಬ್ಬರು ಲೆಕ್ಕ ಕೇಳಿದಾಗ ಮುನ್ನೂರು ರೂಪಾಯಿ ಎಲ್ಲಿ ಹೋಯಿತೆಂದು ನೆನಪಾಗಲಿಲ್ಲ. ಸಿಟ್ಟು ಬಂತು. ದೇವರಿಗೆ ಲೆಕ್ಕ ಕೊಡುತ್ತೇನೆ, ನಿಮಗೇಕೆ ಎಂದುಬಿಟ್ಟೆ. ಆರು ತಿಂಗಳಾದ ಮೇಲೆ ಪ್ರಸಂಗದ ನಡುವೆಯೇ ಮಾತು ಮರೆತು, ಕಾಲು ಸೋತು ಕುಳಿತೆ. ಎರಡು ತಿಂಗಳು ಹಾಸಿಗೆ ಬಿಟ್ಟೇಳಲಿಲ್ಲ. ನನ್ನ ಪ್ರಾರ್ಥನೆಯಿಂದ ಮೈಯೆಲ್ಲ ಹಗುರಾಯಿತು ಎಂದು ಸಾಕ್ಷಿ ಹೇಳಿದ್ದ ಜನರು ಬರಲಿಲ್ಲ. ಪಾಪ, ದೇವರ ಸೇವಕ ಹೀಗೆ ಮಲಗಬಹುದೆಂಬುದೇ ಅವರಿಗೆ ಗೊತ್ತಿರಲಿಲ್ಲ. ರೊಟ್ಟಿ, ಪುಂಡಿಪಲ್ಲೆ ಕಟ್ಟಿಸಿಕೊಂಡು ದಿನಾ ಬಂದವರು ಆ ಲೆಕ್ಕ ಕೇಳಿದ ಹಿರಿಯರೊಬ್ಬರೇ.

ವೇಲ್ಸ್ ದೇಶದ ಇವಾನ್ ರಾಬರ್ಟ್ಸ್ ಹೆಸರನ್ನು ನೀನು ಪ್ರಸಂಗದಲ್ಲಿ ಆಗಾಗ ಹೇಳುತ್ತೀ. 1904ರಲ್ಲಿ ಅಲ್ಲಿ ಉಜ್ಜೀವನ ಹತ್ತಿಕೊಂಡಾಗ ಅವನಿಗೆ ಇಪ್ಪತ್ತಾರು ವರ್ಷ. ಅದರ ಮುಂದಿನ ಕತೆಯನ್ನೂ ಹೇಳು. ರಾತ್ರಿ ಹಗಲೆನ್ನದೆ ಊರೂರು ತಿರುಗಿದ. 1905ರ ಫೆಬ್ರವರಿಯಲ್ಲಿ ಒಂದು ವಾರ ಯಾರೊಡನೆಯೂ ಮಾತಾಡದೆ ಕೋಣೆಯಲ್ಲಿ ಉಳಿದ. 1906ರಲ್ಲಿ ಪೂರ್ತಿ ಕುಸಿದು, ಲೆಸ್ಟರ್ ಬಳಿ ಪರಿಚಿತರ ಮನೆ ಸೇರಿದ. 1951ರವರೆಗೆ ಬದುಕಿದ್ದ, ಆದರೆ ಮತ್ತೆ ಹಾಗೆ ಜನರ ಮುಂದೆ ನಿಲ್ಲಲಿಲ್ಲ. ಅವನ ಭಕ್ತಿಯಲ್ಲಿ ನನಗೆ ಅನುಮಾನವಿಲ್ಲ. ಸಾಕು, ಮನೆಗೆ ಹೋಗಿ ಮಲಗು ಎಂದು ಗದರುವ ಒಬ್ಬ ಅಣ್ಣ ಅವನಿಗೆ ಮೊದಲೇ ಸಿಕ್ಕಿದ್ದರೆ ಎಂದು ಮರುಗುತ್ತೇನೆ.

ಅದೇ 1905ರಲ್ಲಿ ಪುಣೆಯ ಹತ್ತಿರ ಕೇಡಗಾಂವದ ಮುಕ್ತಿ ಆಶ್ರಮದಲ್ಲೂ ಉಜ್ಜೀವನವಾಯಿತು. ಆ ಆಶ್ರಮವನ್ನು ನಡೆಸಿದ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಕನ್ನಡ ನೆಲದ ಗಂಗಾಮೂಲದ ಕಾಡಿನಲ್ಲಿ. ಆ ತಾಯಿ ಪ್ರಾರ್ಥನೆಯ ಭಾರವನ್ನೂ ಹಂಚಿದರು. ಜನವರಿಯಲ್ಲಿ ಸುಮಾರು 70 ಮಂದಿಯ ಗುಂಪು ಕಟ್ಟಿದರು, ಜೂನ್ ಹೊತ್ತಿಗೆ ಅದು ಐನೂರು ದಾಟಿತು. ಹಣದ ವಿಷಯದಲ್ಲೂ ಅಷ್ಟೇ. 1887ರಲ್ಲಿ ಬೋಸ್ಟನ್ನಿನಲ್ಲಿ ಅವರ ಹೆಸರಿನ ಸಂಘ ಹುಟ್ಟಿದಾಗಿನಿಂದ ವರ್ಷ ವರ್ಷ ವರದಿ ಅಚ್ಚಾಗುತ್ತಿತ್ತು. ಬಾಲವಿಧವೆಯರಿಗಾಗಿ ಇಷ್ಟು ಬಂತು, ಇಷ್ಟು ಹೋಯಿತು ಎಂದು ಹೇಳಲು ಅವರು ನಾಚಲಿಲ್ಲ. ಆದರೂ ತಮ್ಮಾ, ಇದನ್ನೂ ಮುಚ್ಚಿಡಬಾರದು. ಅವರ ಹೆಗಲಿಗೆ ಹೆಗಲಾಗಿದ್ದ ಮಗಳು ಮನೋರಮಾ 1921ರಲ್ಲಿ ನಲವತ್ತಕ್ಕೇ ತೀರಿಕೊಂಡಳು. ವರ್ಷ ತುಂಬುವ ಮೊದಲೇ, 1922ರ ಏಪ್ರಿಲ್‌ನಲ್ಲಿ, ತಾಯಿಯೂ ಹೋದರು. ಅಂಥವರಿಗೂ ದೇಹವಿತ್ತು.

ಇನ್ನು ನಿನ್ನ ಕೆಲಸಕ್ಕೆ ಬರೋಣ. ಕೂಟದ ಬಾಗಿಲಲ್ಲಿ ಅಂಟಿಸಿರುವ ಫೋನ್‌ಪೇ ಸ್ಕ್ಯಾನರ್ ನಿನ್ನ ಸ್ವಂತ ಖಾತೆಯದು. ಹೆಂಡತಿ ಕಿರಾಣಿ ಅಂಗಡಿಗೆ ಕೊಡುವುದೂ ಅದರಿಂದಲೇ, ಮುದುಕಿಯೊಬ್ಬಳ ಮಗ ಕಳಿಸಿದ ದಶಮಾಂಶ ಬೀಳುವುದೂ ಅದಕ್ಕೇ. ನಾಳೆ ಯಾರಾದರೂ ಬೆರಳು ತೋರಿಸಿದರೆ ಯಾವುದು ಯಾವುದೆಂದು ನೀನೇ ಹೇಳಲಾರೆ. ಮೊದಲು ಅದನ್ನು ಕಿತ್ತುಹಾಕು. ಸಭೆಯ ಹೆಸರಿನಲ್ಲಿ, ಇಬ್ಬರ ಸಹಿ ಬೇಕಾಗುವ ಖಾತೆ ತೆಗೆಸು. ಖಜಾಂಚಿ ನಿನ್ನ ಮನೆಯವನಾಗಿರಬಾರದು, ಬೀಗನೂ ಬೇಡ. ಕಾಣಿಕೆಯನ್ನು ಅಲ್ಲೇ, ಚಾಪೆ ಮಡಚುವ ಮೊದಲು, ಇಬ್ಬರು ಎಣಿಸಿ ಪುಸ್ತಕದಲ್ಲಿ ಬರೆದು ರುಜು ಹಾಕಲಿ. ಸಂಘವೆಂದು ನೋಂದಾಯಿಸಿದ್ದೀ, 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿವರ್ಷ ಲೆಕ್ಕಪತ್ರ ಸಲ್ಲಿಸಬೇಕು, ಅದು ಬಾಕಿ ಉಳಿದಿದೆಯೇ ನೋಡು. ಪೌಲನೇ ಬಡವರ ಹಣ ಸಾಗಿಸುವಾಗ ಜೊತೆಗೆ ಬೇರೆ ಸಹೋದರರನ್ನು ಇಟ್ಟುಕೊಂಡ. ನಾವು ಅವನಿಗಿಂತ ದೊಡ್ಡವರೇ?

ಎಚ್ಚರ ಹಣದಲ್ಲಿ ಮಾತ್ರ ಇದ್ದರೆ ಸಾಲದು. ಹೆಣ್ಣುಮಕ್ಕಳು ಪ್ರಾರ್ಥನೆಗೆ ಬಂದರೆ ಬಾಗಿಲು ತೆರೆದೇ ಇರಲಿ, ಹತ್ತಿರ ಒಬ್ಬ ತಾಯಿ ಕೂತಿರಲಿ. ಸಕ್ಕರೆ ಕಾಯಿಲೆಯವರಿಗೆ, ಪ್ರಾರ್ಥನೆ ಆಯಿತೆಂದು ಗುಳಿಗೆ ಬಿಡಬೇಡಿ ಎಂದು ಬಾಯಿಬಿಟ್ಟು ಹೇಳು.

ನಾಲ್ಕು ತಾಲೂಕನ್ನೂ ಒಬ್ಬನೇ ಸುತ್ತುವ ಹಟ ಬಿಡು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ರೊಟ್ಟಿ ಹೇಗೆ ಬರುತ್ತದೆಂದು ನೀನೂ ನೋಡಿದ್ದೀ. ಹಳ್ಳಿ ಹಳ್ಳಿಯ ಅವ್ವಂದಿರು ತಟ್ಟಿದ್ದು ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಒಂದೇ ಹೆಂಚಿನ ಮೇಲೆ ಅಷ್ಟು ಬೇಯಿಸಲು ಹೊರಟರೆ ಹೆಂಚು ಸೀಳುತ್ತದೆ. ಕುಷ್ಟಗಿಯಲ್ಲಿ ಒಬ್ಬ ಹುಡುಗ ಚೆನ್ನಾಗಿ ವಾಕ್ಯ ಹೇಳುತ್ತಾನಲ್ಲ, ಅವನಿಗೆ ಕೂಟ ಬಿಟ್ಟುಕೊಡು. ಜನ ನಿನ್ನನ್ನೇ ಕೇಳಿದಾಗ ಒಳಗೊಳಗೇ ಹಿತವೆನಿಸುತ್ತದೆ, ನನಗೂ ಅನಿಸುತ್ತಿತ್ತು. ಆ ಹಿತವೇ ನಮ್ಮನ್ನು ಹೆಚ್ಚು ಓಡಿಸುವುದು.

ಎಲೀಯನು ಸಾಯಬೇಕೆಂದು ಜಾಲಿಗಿಡದ ಕೆಳಗೆ ಬಿದ್ದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಗೊಟ್ಟ. ನಿನಗೂ ಸಾಯಬೇಕೆನ್ನುವ ಯೋಚನೆ ಬರುತ್ತಿದ್ದರೆ ಅದು ವಿಶ್ವಾಸದ ಕೊರತೆ ಎಂದು ಅಡಗಿಸಬೇಡ. 14416ಕ್ಕೆ ಫೋನು ಮಾಡು, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಹೋಗಬೇಕೆಂದರೆ ನಾನೇ ಜೊತೆಗೆ ಬರುತ್ತೇನೆ, ಯಾರಿಗೂ ಹೇಳುವುದಿಲ್ಲ.

ಬರುವ ಸೋಮವಾರ ಯಾವ ಕೂಟವೂ ಇಲ್ಲವೆಂದು ನಿನ್ನ ಹೆಂಡತಿಯ ಹತ್ತಿರ ಕೇಳಿ ತಿಳಿದುಕೊಂಡಿದ್ದೇನೆ. ಬೆಳಗಾಗುತ್ತಲೇ ನಮ್ಮ ಮನೆಗೆ ಬಾ. ಚೀಲ ತಾ, ಪಾಸ್‌ಬುಕ್ ತಾ, ಬರೆದಿಟ್ಟ ಚೀಟಿಗಳನ್ನೆಲ್ಲ ತಾ. ಫೋನನ್ನು ನಿನ್ನ ಅತ್ತಿಗೆಯ ಕೈಗೆ ಕೊಟ್ಟುಬಿಡು, ಬಂದ ಕರೆಗಳಿಗೆಲ್ಲ ಅವಳೇ ಉತ್ತರ ಹೇಳುತ್ತಾಳೆ. ಉಂಡು ಪಡಸಾಲೆಯಲ್ಲಿ ಮಲಗು, ನಾನು ಎಬ್ಬಿಸುವುದಿಲ್ಲ. ನಿನಗೇ ಎಚ್ಚರವಾದ ಮೇಲೆ ಚೀಲ ಬಿಚ್ಚಿ ಎಣಿಸೋಣ.