ಫೋನು ಗೆದ್ದರೂ ಕೊಂಡವರು ಸೋಲಬಹುದು

ಮಡಚುವ ಹೊಸ ಫೋನು ಗೆದ್ದೇ ಗೆಲ್ಲುತ್ತದೆ ಎಂದು ನೀವು, ಮಣ್ಣು ಮುಕ್ಕುತ್ತದೆ ಎಂದು ನಿಮ್ಮ ತಮ್ಮ. ಈ ವಾದದಲ್ಲಿ ಮಾತು ಬಿಡುವಷ್ಟು ದೂರ ಹೋಗಿದ್ದೀರಿ. ಆದರೆ ನೀವು ಕಂತಿನಲ್ಲಿ ಕಟ್ಟಲಿರುವ ದುಡ್ಡಿಗೆ ಆ ಗೆಲುವಿನಿಂದ ಲಾಭವೇನಿಲ್ಲ.

2007ರಲ್ಲಿ ಐಫೋನಿನ ಬೆಲೆ ಕೇಳಿ ಮೈಕ್ರೋಸಾಫ್ಟ್‌ನ ಸ್ಟೀವ್ ಬಾಲ್ಮರ್ ಟಿವಿ ಸಂದರ್ಶನದಲ್ಲಿ ನಕ್ಕಿದ್ದರು. ಫೋನು ಗೆದ್ದಿತು, ನಿಜ. ಆದರೆ ಜೂನ್ ಕೊನೆಗೆ ಸರದಿಯಲ್ಲಿ ನಿಂತು 599 ಡಾಲರ್ ತೆತ್ತವರ ಕಣ್ಣೆದುರೇ ಸೆಪ್ಟೆಂಬರ್‌ನಲ್ಲಿ ಅದು 399ಕ್ಕೆ ಇಳಿಯಿತು. ಅವರ ಸಿಟ್ಟು ತಣಿಸಲು ಆಪಲ್ 100 ಡಾಲರಿನ ಖರೀದಿ ರಿಯಾಯಿತಿ ಕೊಡಬೇಕಾಯಿತು. ಸೋತ ಅಮೆಜಾನ್ ಫೈರ್ ಫೋನಿನದೂ ಅದೇ ಕಥೆ: 2014ರಲ್ಲಿ ಮೊಬೈಲ್ ಕಂಪನಿಯ ಒಪ್ಪಂದದೊಂದಿಗೆ 199 ಡಾಲರ್ ಇದ್ದದ್ದು ಎರಡು ತಿಂಗಳೊಳಗೆ 99 ಸೆಂಟ್‌ಗೆ ಬಂತು.

ಮಡಚುವ ಫೋನಿನಲ್ಲಿ ಇನ್ನೊಂದು ಅಪಾಯವಿದೆ. 2019ರಲ್ಲಿ ಸ್ಯಾಮ್ಸಂಗ್ ಗ್ಯಾಲಕ್ಸಿ ಫೋಲ್ಡ್‌ನ ಪರದೆಗಳು ವಿಮರ್ಶಕರ ಕೈಯಲ್ಲೇ ಕೆಟ್ಟವು. ಬರೀ ರಕ್ಷಣಾ ಹಾಳೆ ಎಂದುಕೊಂಡು ಕೆಲವರು ಪರದೆಯ ಮೇಲ್ಪದರವನ್ನೇ ಕಿತ್ತಿದ್ದರು. ಏಪ್ರಿಲ್‌ನಲ್ಲಿ ಬರಬೇಕಿದ್ದ ಫೋನು ದುರಸ್ತಿಯಾಗಿ ಬಂದದ್ದು ಸೆಪ್ಟೆಂಬರ್‌ಗೆ.

ಹಾಗಾಗಿ ಮುಂಗಡ ಬುಕಿಂಗ್ ಖಂಡಿತ ಬೇಡ. ಮೂರು ತಿಂಗಳು ತಡೆಯಿರಿ. ಆಮೇಲೆ ತಮ್ಮನನ್ನೂ ಕರೆದುಕೊಂಡು ಅಂಗಡಿಗೆ ಹೋಗಿ, ಹತ್ತಾರು ಬಾರಿ ಮಡಚಿ ಬಿಡಿಸಿ, ನಡುವಿನ ಗೆರೆಯ ಮೇಲೆ ಬೆರಳಾಡಿಸಿ ನೋಡಿ. ಒಳಪರದೆ ಬದಲಿಸಲು ಎಷ್ಟಾಗುತ್ತದೆಂದು ಸರ್ವಿಸ್ ಸೆಂಟರ್‌ನಿಂದ ಬರೆಸಿಕೊಳ್ಳಿ. ಆ ಮೊತ್ತ ನಿಮ್ಮ ಒಂದು ತಿಂಗಳ ಸಂಬಳ ಮೀರಿದರೆ ಕೊಳ್ಳಬೇಡಿ.