ಕಟ್ಟಡ ಮಾಲೀಕರ ಸಂಘ ಮತ್ತು ಓಣಿಯ ಹಿತ: ಎರಡು ಲೆಕ್ಕಗಳ ಅಗತ್ಯ

ಆಳಂದ, ಅಫಜಲಪುರ ಹಾಗೂ ಜೇವರ್ಗಿ ಪಟ್ಟಣಗಳಲ್ಲಿ ಅನೇಕ ಸಣ್ಣ ವರ್ತಕರ ವ್ಯವಹಾರವು ಬಾಡಿಗೆಯ ಮಳಿಗೆಯಲ್ಲಿಯೇ ನಡೆಯುತ್ತದೆ. ಮಳಿಗೆಯ ಮಾಲೀಕರೂ ಬಹಳ ಸಲ ಇನ್ನೊಂದು ಕಡೆ ವ್ಯಾಪಾರಸ್ಥರೇ ಆಗಿರುತ್ತಾರೆ. ಇಂತಹ ಕಡೆ ಒಂದು ಓಣಿಯ ಕಟ್ಟಡ ಮಾಲೀಕರು ಸೇರಿ ಸಂಘ ಕಟ್ಟಿಕೊಂಡರೆ, ಅದರ ಒಳಿತು ಕೆಡುಕುಗಳೆರಡೂ ಬಾಡಿಗೆದಾರ ವರ್ತಕರನ್ನು ತಟ್ಟದೆ ಇರವು. ಆದುದರಿಂದ ಇಂತಹ ಸಂಘವು ಕಾನೂನಿನ ದೃಷ್ಟಿಯಲ್ಲಿ ಏನು, ಅದರ ಹಣವನ್ನು ಹೇಗೆ ನಿರ್ವಹಿಸತಕ್ಕದ್ದು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಸಂಘ ಏಕೆ ಬೇಕು?

ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಗೆ ಬಂದಿತು. ಅದರ 243ಎಸ್ ವಿಧಿಯು ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿದ್ದು 3 ಲಕ್ಷ ಅಥವಾ ಹೆಚ್ಚಿನ ಜನಸಂಖ್ಯೆಯುಳ್ಳ ನಗರಗಳಲ್ಲಿ ಮಾತ್ರ. ನಮ್ಮ ಈ ಮೂರು ಪಟ್ಟಣಗಳು ಆ ಮಿತಿಗಿಂತ ಬಹಳ ಕೆಳಗಿವೆ. ಹೀಗಾಗಿ ಚರಂಡಿ, ಬೀದಿದೀಪ, ಕಸ ವಿಲೇವಾರಿ ಮುಂತಾದ ವಿಷಯಗಳಲ್ಲಿ ಚುನಾಯಿತ ಸದಸ್ಯರ ಹೊರತಾಗಿ ಓಣಿಯ ಮಾತನ್ನು ಒಟ್ಟಾಗಿ ಹೇಳುವ ವೇದಿಕೆಯು ಸಂವಿಧಾನದ ಬಲದಿಂದ ತಾನಾಗಿಯೇ ದೊರೆಯುವುದಿಲ್ಲ. ಆ ಕೊರತೆಯನ್ನು ನಾಗರಿಕರ ಸಂಘಗಳೇ ತುಂಬಬೇಕಾಗಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಬೀದಿ ವ್ಯಾಪಾರಿಗಳೊಡನೆ ವರ್ತಕರ ಸಂಘ ಹಾಗೂ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳಿಗೂ ಪ್ರಾತಿನಿಧ್ಯ ಕಲ್ಪಿಸಿದೆ.

ಇಂತಹ ಸಂಘವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದು. ಕನಿಷ್ಠ 7 ಜನ ಸೇರಿ ಜ್ಞಾಪನ ಪತ್ರ ಹಾಗೂ ನಿಯಮಾವಳಿಗಳನ್ನು ಸಲ್ಲಿಸಬೇಕು. ದಾನಧರ್ಮ, ಶಿಕ್ಷಣ, ವಾಣಿಜ್ಯ ಸಂಬಂಧವಾದ ಉಪಯುಕ್ತ ತಿಳಿವಳಿಕೆಯ ಪ್ರಸಾರ, ನೀರು ವಿದ್ಯುತ್ತುಗಳಂತಹ ವಿರಳ ಸೌಕರ್ಯಗಳ ಸದ್ಬಳಕೆ ಇವು ಕಾಯ್ದೆಯು ಒಪ್ಪುವ ಉದ್ದೇಶಗಳ ಪೈಕಿ ಕೆಲವು. ನೋಂದಣಿಯಾದ ಮೇಲೆ ಪ್ರತಿವರ್ಷ ಸರ್ವಸಾಧಾರಣ ಸಭೆ ನಡೆಸಿ, ಅದಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕಪತ್ರಗಳನ್ನೂ ನೋಂದಣಾಧಿಕಾರಿಗೆ ಸಲ್ಲಿಸತಕ್ಕದ್ದು. ನೋಂದಣಿಯ ಉತ್ಸಾಹ ಈ ವಾರ್ಷಿಕ ಸಲ್ಲಿಕೆಯಲ್ಲಿಯೂ ಉಳಿಯಬೇಕು.

ಸದಸ್ಯರ ಹಣ: ಪರಸ್ಪರತೆಯ ತತ್ವ

ಸದಸ್ಯರು ತಮ್ಮೊಳಗೆ ವಂತಿಗೆ ಹಾಕಿ, ತಮಗಾಗಿಯೇ ಖರ್ಚು ಮಾಡಿ ಉಳಿಸಿದ ಹಣವು ಆದಾಯವಲ್ಲ. ತನ್ನಿಂದ ತಾನೇ ಯಾರೂ ಲಾಭ ಗಳಿಸಲಾರರು ಎಂಬುದು ಇದರ ಮೂಲ. ಆದರೆ ಹಣ ಕೊಟ್ಟವರೂ ಅದರ ಪ್ರಯೋಜನ ಪಡೆದವರೂ ಒಂದೇ ವರ್ಗದವರಾಗಿರಬೇಕು. ಈ ಗೆರೆ ಎಷ್ಟು ಬಿಗಿಯಾದುದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಆದ ಬೆಂಗಳೂರು ಕ್ಲಬ್ ಪ್ರಕರಣ ಉತ್ತಮ ನಿದರ್ಶನ. ಕ್ಲಬ್ಬು ತನ್ನ ಹೆಚ್ಚುವರಿ ಹಣವನ್ನು ತನ್ನದೇ ಸದಸ್ಯತ್ವ ಹೊಂದಿದ್ದ ಬ್ಯಾಂಕುಗಳಲ್ಲಿ ಠೇವಣಿ ಇರಿಸಿತ್ತು. ಬ್ಯಾಂಕುಗಳು ಆ ಹಣವನ್ನು ಹೊರಗಿನವರಿಗೆ ಸಾಲ ಕೊಡುವುದರಿಂದ ಪರಸ್ಪರತೆಯ ಸರಪಳಿ ಕಡಿದುಹೋಗುತ್ತದೆ, ಬಡ್ಡಿಯು ತೆರಿಗೆಗೆ ಒಳಪಡುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 2013ರ ಜನವರಿ 14ರಂದು ತೀರ್ಪಿತ್ತಿತು.

ಓಣಿಯ ಹಣ: ಧರ್ಮಾರ್ಥ ಉದ್ದೇಶ

ಸಂಘವು ಶಾಲೆಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿದರೆ, ನೆರೆ ಸಂತ್ರಸ್ತರಿಗೆ ಧಾನ್ಯ ಹಂಚಿದರೆ, ಪ್ರಯೋಜನ ಪಡೆಯುವವರು ಸದಸ್ಯರಲ್ಲ. ಅಲ್ಲಿ ಪರಸ್ಪರತೆಯ ಮಾತು ಸಲ್ಲದು. ಅದು ಧರ್ಮಾರ್ಥ ಕಾರ್ಯ. ತೆರಿಗೆ ವಿನಾಯಿತಿ ಬೇಕಾದರೆ ಆದಾಯ ತೆರಿಗೆ ಇಲಾಖೆಯಲ್ಲಿ ಪ್ರತ್ಯೇಕ ನೋಂದಣಿ ಅವಶ್ಯಕ.

ವಾಣಿಜ್ಯ ಮಂಡಳಿಗಳ ಓದುಗರಿಗೆ ಆಂಧ್ರ ವಾಣಿಜ್ಯ ಮಂಡಳಿಯ ಪ್ರಕರಣ ಆಪ್ತವೆನಿಸೀತು. 1965ರ ಕಾನೂನು ವರದಿಗಳಲ್ಲಿ ಪ್ರಕಟವಾದ ಆ ತೀರ್ಪಿನಲ್ಲಿ, ವ್ಯಾಪಾರ ವಾಣಿಜ್ಯಗಳ ಉತ್ತೇಜನವು ಸಾರ್ವಜನಿಕ ಉಪಯುಕ್ತತೆಯ ಉದ್ದೇಶವೇ ಹೌದು, ಪ್ರಯೋಜನವು ಮಾನವಕುಲಕ್ಕೆಲ್ಲ ಅಲ್ಲದಿದ್ದರೂ ಸಾರ್ವಜನಿಕರ ಒಂದು ವರ್ಗಕ್ಕೆ ಸಂದರೆ ಸಾಕು ಎಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆದರೆ ನಿರ್ದಿಷ್ಟ ವ್ಯಕ್ತಿಗಳ ಹಿತವು ಸಾರ್ವಜನಿಕ ಹಿತವಾಗದು. ನಲವತ್ತು ಜನ ಮಾಲೀಕರ ಕಟ್ಟಡಗಳ ಕಾವಲಿಗೆ ಮಾಡಿದ ಖರ್ಚನ್ನು ಧರ್ಮಾರ್ಥವೆಂದು ತೋರಿಸಲು ಸಾಧ್ಯವಿಲ್ಲ. ಸಭಾಭವನ ಅಥವಾ ಜಾಹೀರಾತು ಫಲಕಗಳ ಬಾಡಿಗೆ ಪಡೆಯುವ ಧರ್ಮಾರ್ಥ ಸಂಘಗಳು, ಸಾರ್ವಜನಿಕ ಉಪಯುಕ್ತತೆಯ ಉದ್ದೇಶದಡಿ ಬರುವಾಗ ವ್ಯಾಪಾರ ಸ್ವರೂಪದ ಹುಟ್ಟುವಳಿಯು ಒಟ್ಟು ಜಮೆಯ ಶೇ. 20ನ್ನು ಮೀರಬಾರದು ಎಂಬ ಮಿತಿಯನ್ನೂ ನೆನಪಿಡಬೇಕು. ಈ ಮಿತಿಯ ಅರ್ಥವ್ಯಾಪ್ತಿಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ಅಕ್ಟೋಬರ್‌ನಲ್ಲಿ ವಿವರಿಸಿದೆ.

ಒಂದು ಕಲ್ಪಿತ ಉದಾಹರಣೆ

ಒಂದು ಓಣಿಯಲ್ಲಿ 40 ಮಾಲೀಕರು ತಿಂಗಳಿಗೆ ತಲಾ 200 ರೂ. ವಂತಿಗೆ ಕೊಡುತ್ತಾರೆಂದು ಭಾವಿಸೋಣ. ವರ್ಷದ ಜಮೆ 96,000 ರೂ. ಕಾವಲು ಮತ್ತು ಸ್ವಚ್ಛತೆಗೆ 72,000 ರೂ. ಖರ್ಚಾಗಿ 24,000 ರೂ. ಉಳಿಯಿತು. ಬ್ಯಾಂಕ್ ಠೇವಣಿಯಿಂದ 6,000 ರೂ. ಬಡ್ಡಿ ಬಂದಿತು. ಬಾಡಿಗೆದಾರ ವರ್ತಕರೂ ಇತರರೂ ಶಾಲೆಯ ನೀರಿನ ವ್ಯವಸ್ಥೆಗೆಂದು 30,000 ರೂ. ಕೊಟ್ಟರು.

24,000 ರೂ. ಪರಸ್ಪರತೆಯ ಹೆಚ್ಚುವರಿ, ಆದಾಯವಲ್ಲ. 6,000 ರೂ. ಸಂಘದ ಆದಾಯ, ತೆರಿಗೆ ಮಿತಿಯೊಳಗಿದ್ದರೂ ಲೆಕ್ಕದಲ್ಲಿ ಕಾಣಲೇಬೇಕು. 30,000 ರೂ. ಶಾಲೆಗಾಗಿ ಬಂದ ಹಣ; ಕಾವಲುಗಾರನ ಸಂಬಳ ಬಾಕಿಯಿದ್ದರೂ ಅದನ್ನು ಮುಟ್ಟಲಾಗದು. ಮೂರನ್ನೂ ಒಂದೇ ಖಾತೆಯಲ್ಲಿ ಬೆರೆಸಿದರೆ ವರ್ಷಾಂತ್ಯದಲ್ಲಿ ಬೇರ್ಪಡಿಸುವುದು ಕಷ್ಟ, ದಾನಿಗೆ ಉತ್ತರ ಹೇಳುವುದು ಇನ್ನೂ ಕಷ್ಟ. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ 2025ರ ಕಾಯ್ದೆ ರೂಪುಗೊಂಡಿದ್ದು, ಕಲಮುಗಳ ಸಂಖ್ಯೆ ಬದಲಾಗಿದೆ. ಎರಡು ಲೆಕ್ಕಗಳ ಅಗತ್ಯ ಬದಲಾಗಿಲ್ಲ.

ನೆರೆಯ ಕಾಲದಲ್ಲಿ

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳು ಜಲಾವೃತವಾದುದು ಎಲ್ಲರ ನೆನಪಿನಲ್ಲಿದೆ. ಇಂತಹ ಸಮಯದಲ್ಲಿ ಹಣವೂ ಧಾನ್ಯವೂ ಒಂದೆರಡು ದಿನಗಳಲ್ಲಿಯೇ ಸೇರುತ್ತವೆ. ಲೆಕ್ಕ ಮಾತ್ರ ಹಿಂದುಳಿಯುತ್ತದೆ. ಮುಂಚಿತವಾಗಿಯೇ ಪ್ರತ್ಯೇಕ ಬ್ಯಾಂಕ್ ಖಾತೆ, ಕ್ರಮಸಂಖ್ಯೆಯ ರಸೀದಿ ಪುಸ್ತಕ, ವಸ್ತುರೂಪದ ದಾನಕ್ಕೆ ದಾಸ್ತಾನು ವಹಿ ಇದ್ದರೆ ಪರಿಹಾರ ಕಾರ್ಯವೂ ಶೀಘ್ರ, ಸಂಶಯಕ್ಕೂ ಎಡೆಯಿಲ್ಲ. 2,000 ರೂ. ಮೀರಿದ ನಗದು ದಾನಕ್ಕೆ ದಾನಿಗೆ ತೆರಿಗೆ ಕಡಿತ ದೊರೆಯದು. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗೆ ಈ ಕಡಿತವೇ ಇಲ್ಲ. ಇದನ್ನು ದಾನಿಗೆ ಮೊದಲೇ ತಿಳಿಸುವುದು ಸಂಘದ ಕರ್ತವ್ಯ.

ಸಂಘ ಮಾಡಬಾರದ ಕೆಲಸ

ಎಲ್ಲ ಮಳಿಗೆಗಳ ಬಾಡಿಗೆ ಇಷ್ಟೇ ಏರಬೇಕು, ಇಂತಹ ಬಾಡಿಗೆದಾರನಿಗೆ ಯಾರೂ ಮಳಿಗೆ ಕೊಡಬಾರದು ಎಂದು ಸಂಘವು ಠರಾವು ಮಾಡುವುದು ಅಪಾಯಕಾರಿ. 2002ರ ಸ್ಪರ್ಧಾ ಕಾಯ್ದೆಯ 3ನೆಯ ಕಲಮು ಒಂದೇ ಬಗೆಯ ಸೇವೆ ನೀಡುವವರು ಅಥವಾ ಅವರ ಸಂಘಗಳು ಕೂಡಿ ಬೆಲೆ ನಿಗದಿಪಡಿಸುವುದನ್ನು ಸ್ಪರ್ಧೆಗೆ ಮಾರಕವೆಂದು ಭಾವಿಸುತ್ತದೆ. ಬಾಡಿಗೆಯು ಆಯಾ ಮಾಲೀಕರು ಹಾಗೂ ಬಾಡಿಗೆದಾರರ ನಡುವಿನ ಕರಾರಿನ ವಿಷಯ. ಸಂಘವು ಮಾದರಿ ಕರಾರು ಪತ್ರ ಒದಗಿಸಬಹುದು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವೆಂದು ತಿಳಿಸಬಹುದು. ಬಾಡಿಗೆ ಹಾಗೂ ಮುಂಗಡಕ್ಕೆ ರಸೀದಿ ಕೊಡುವಂತೆ ಸದಸ್ಯರಿಗೆ ಸೂಚಿಸಬಹುದು.

ಅನುಸರಿಸಬೇಕಾದ ಕ್ರಮಗಳು

1. ಸದಸ್ಯರ ವಂತಿಗೆಗೆ ಒಂದು, ಸಮಾಜ ಕಾರ್ಯಕ್ಕೆ ಇನ್ನೊಂದು ಬ್ಯಾಂಕ್ ಖಾತೆ ಇರಲಿ. ಸಮಾಜ ಕಾರ್ಯವು ದೊಡ್ಡದಾದರೆ ಅದಕ್ಕೆ ಪ್ರತ್ಯೇಕ ನ್ಯಾಸ ಸ್ಥಾಪಿಸುವುದು ಸೂಕ್ತ.

2. ಸಮಾಜ ಕಾರ್ಯದ ಸಮಿತಿಯಲ್ಲಿ ಬಾಡಿಗೆದಾರ ವರ್ತಕರಿಬ್ಬರಿಗಾದರೂ ಸ್ಥಾನವಿರಲಿ. ಅವರೂ ಹಣ ಕೊಡುವವರೇ.

3. ಮೂರು ತಿಂಗಳಿಗೊಮ್ಮೆ ಜಮಾ-ಖರ್ಚಿನ ಪಟ್ಟಿಯನ್ನು ಓಣಿಯ ಫಲಕದಲ್ಲಿ ಪ್ರಕಟಿಸಲಿ.

4. ಪುರಸಭೆ ಮಾಡಬೇಕಾದ ಕೆಲಸಕ್ಕೆ ಸಂಘವು ಹಣ ಹಾಕುವ ಮುನ್ನ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಲಿ. ಇಲ್ಲವಾದರೆ ತೆರಿಗೆಯನ್ನೂ ಕಟ್ಟಿ ಚರಂಡಿಯ ಖರ್ಚನ್ನೂ ಹೊರುವ ಪರಿಪಾಠ ಬೆಳೆದೀತು.

ಈಗಾಗಲೇ ಸಂಘವಿರುವ ಓಣಿಗಳವರು ಬರುವ ಸರ್ವಸಾಧಾರಣ ಸಭೆಗೆ ಮುನ್ನ ತಮ್ಮ ಕಳೆದ ಸಾಲಿನ ಅಢಾವೆ ಪತ್ರಿಕೆಯನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿ, ಬೆರೆತ ಮೊಬಲಗುಗಳಿದ್ದಲ್ಲಿ ತಮ್ಮ ಲೆಕ್ಕಪರಿಶೋಧಕರ ಸಲಹೆಯಂತೆ ಬೇರ್ಪಡಿಸಿಕೊಳ್ಳುವುದು ಒಳಿತು.