ಸಕ್ಕರೆ ಕಾಯಿಲೆಯ ಗಾಯಕ್ಕೆ ಲೋಳೆಸರದ ಜೆಲ್ ಸಾಕೇ?

ಪ್ರಶ್ನೆ: ನನಗೆ 58 ವರ್ಷ. 12 ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಚಪ್ಪಲಿ ಕಚ್ಚಿ ಹೆಬ್ಬೆರಳಿನ ಬಳಿ ಆದ ಗಾಯ ಮೂರು ವಾರವಾದರೂ ಮಾಗಿಲ್ಲ. ಕೀವು ಬರುತ್ತಿದೆ, ನೋವಿಲ್ಲ. ಲೋಳೆಸರ-ಬೇವಿನ ಜೆಲ್ ಹಚ್ಚುತ್ತಿದ್ದೇನೆ. ಮುಂದುವರಿಸಲೇ?

ಉತ್ತರ: ಬೇಡ, ಇಂದೇ ನಿಲ್ಲಿಸಿ. ಕೀವು ಎಂದರೆ ಸೋಂಕು. ನೋವಿಲ್ಲದಿರುವುದು ಒಳ್ಳೆಯ ಲಕ್ಷಣವಲ್ಲ. ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಂಡಿರಬಹುದು. ಬೇವು, ಅರಿಸಿನದ ಸಾರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುವುದು ನಿಜ. ಆದರೆ ಮೇಲೆ ಹಚ್ಚಿದ ಜೆಲ್ ಆಳದ ಸೋಂಕನ್ನು ಮುಟ್ಟದು. ಮಧುಮೇಹಿಗಳ ಪಾದದ ಕುರಿತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಗಾಯ ಮಾಗಿಸಲು ಗಿಡಮೂಲಿಕೆಯ ಡ್ರೆಸಿಂಗ್ ಬೇಡ ಎನ್ನುತ್ತದೆ.

ನಾಳೆಯೊಳಗೆ ಶಸ್ತ್ರಚಿಕಿತ್ಸಕರನ್ನು ಕಾಣಿ. ಅವರು ಸತ್ತ ಅಂಗಾಂಶ ತೆಗೆದು, ಕಲ್ಚರ್ ಪರೀಕ್ಷೆಗೆ ಕಳಿಸಿ, ತಕ್ಕ ಆಂಟಿಬಯೋಟಿಕ್ ಕೊಡುತ್ತಾರೆ. ಮೂಳೆಗೆ ಸೋಂಕು ತಗುಲಿದೆಯೇ ಎಂದು ತಿಳಿಯಲು ಎಕ್ಸ್-ರೇ ಮಾಡಿಸಿ. ಜೊತೆಗೆ ಕಾಲಿನ ರಕ್ತಸಂಚಾರದ ಪರೀಕ್ಷೆ, ಸಕ್ಕರೆಯ ಹತೋಟಿ ತಿಳಿಸುವ ಎಚ್‌ಬಿಎ1ಸಿ ಮಾಡಿಸಿ.

ಅಲ್ಲಿಯವರೆಗೆ ಸಲೈನ್‌ನಿಂದ ತೊಳೆದು ಶುದ್ಧ ಗಾಜ್ ಬಟ್ಟೆ ಕಟ್ಟಿ. ಆ ಕಾಲಿನ ಮೇಲೆ ಭಾರ ಹಾಕಬೇಡಿ, ಬರಿಗಾಲಲ್ಲಿ ನಡೆಯಬೇಡಿ. ಸಕ್ಕರೆಯ ಔಷಧಿ ತಪ್ಪಿಸಬೇಡಿ.

ಜ್ವರ, ಚಳಿ, ಹರಡುವ ಕೆಂಪು, ದುರ್ವಾಸನೆ ಅಥವಾ ಬೆರಳು ಕಪ್ಪಾಗುವುದು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಬೇಗ ಹೋದರೆ ಬೆರಳು ಉಳಿಯುವ ಸಾಧ್ಯತೆ ಹೆಚ್ಚು.